ನಿಮಗಿದು ಗೊತ್ತೇ? ಕೂಸಿನ ಹಗಲು ನಿದ್ದೆ

ತೊಟ್ಟಿಲಿಗೆ ಹಾಕಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮಗು ಕಣ್ಣು ಬಿಡುತ್ತದೆ. ‘ಹಾಲು ಸಾಲುತ್ತಿಲ್ಲ’ ಎನ್ನುತ್ತಾರೆ ಮನೆಯವರು. ಬಾಣಂತಿ ಒಳಗೊಳಗೇ ಕೊರಗುತ್ತಾಳೆ. ಬಹಳ ಸಲ ತಪ್ಪು ಯಾರದ್ದೂ ಅಲ್ಲ.

● ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಎಳೆಗೂಸಿನದು 50–60 ನಿಮಿಷವಷ್ಟೇ. ನಡುವೆ ನಿದ್ದೆ ತಿಳಿಯಾದಾಗ ಮಗು ಏಳುತ್ತದೆ. ಮೊದಲ ಐದಾರು ತಿಂಗಳು 30–45 ನಿಮಿಷದ ಹಗಲು ನಿದ್ದೆ ಸಹಜ.

● ನವಜಾತ ಶಿಶುವಿನ ನಿದ್ದೆಯಲ್ಲಿ ಅರ್ಧದಷ್ಟು ‘ಚುರುಕು ನಿದ್ದೆ’. ಆಗ ಮಗು ಮುಲುಗುತ್ತದೆ, ನಗುತ್ತದೆ, ಕೈಕಾಲು ಆಡಿಸುತ್ತದೆ. ಎದ್ದೇಬಿಟ್ಟಿತೆಂದು ಎತ್ತಿಕೊಂಡರೆ ಇರುವ ನಿದ್ದೆಯೂ ಹಾರುತ್ತದೆ. ಅಳು ಜೋರಾಗದಿದ್ದರೆ ಒಂದೆರಡು ನಿಮಿಷ ಕಾಯಿರಿ, ಮೆಲ್ಲಗೆ ತಟ್ಟಿ. ಎಷ್ಟೋ ಸಲ ಮತ್ತೆ ಮಲಗುತ್ತದೆ.

● ತೋಳಲ್ಲಿ ಮಲಗಿದ್ದ ಮಗು ಹಾಸಿಗೆಗೆ ಇಟ್ಟೊಡನೆ ಏಳುವುದೇಕೆ? ಹಾಸಿಗೆ ಸೋಕಿದ್ದಕ್ಕಲ್ಲ, ತಾಯಿಯ ಮೈಯಿಂದ ಬೇರ್ಪಟ್ಟಿದ್ದಕ್ಕೆ ಎಂದು ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ತಿಳಿಸಿದರು. ಅವರ ಸಲಹೆ: ಅಳುವ ಮಗುವನ್ನು ಎತ್ತಿಕೊಂಡು 5 ನಿಮಿಷ ನಡೆಯಿರಿ. ನಿದ್ದೆ ಹತ್ತಿದ ಮೇಲೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತಿದ್ದು, ಆಮೇಲೆ ಮಲಗಿಸಿ.

● ಆಕಳಿಕೆ, ಕಣ್ಣುಜ್ಜುವುದು, ಮುಖ ತಿರುಗಿಸುವುದು ನಿದ್ದೆಯ ಕರೆ. ಅದು ಮೀರಿದರೆ ಮಗು ರಚ್ಚೆ ಹಿಡಿಯುತ್ತದೆ, ಮಲಗಿದರೂ ಬೇಗ ಏಳುತ್ತದೆ. ಮೊದಲ ವಾರಗಳಲ್ಲಿ ಎದ್ದು ಒಂದು ಗಂಟೆಯಾಗುವಷ್ಟರಲ್ಲೇ ಈ ಕರೆ ಬರಬಹುದು.

● ಲಂಡನ್ನಿನಲ್ಲಿ 20 ನವಜಾತ ಶಿಶುಗಳಿಗೆ ಒಂದೇ ಸಮನೆಯ ಮೊರೆತ ಕೇಳಿಸಿದಾಗ 16 ಶಿಶುಗಳು 5 ನಿಮಿಷದಲ್ಲಿ ಮಲಗಿದವು. ಇದು 1990ರ ಅಧ್ಯಯನ. ಇಂಥ ಸದ್ದಿನ ಯಂತ್ರ ಬಳಸುವುದಾದರೆ ತೊಟ್ಟಿಲಿನಿಂದ 2 ಮೀಟರ್ ದೂರವಿರಲಿ, ಸದ್ದು ಸಣ್ಣದಿರಲಿ.

● ಅಜ್ಜಿಯ ಎಣ್ಣೆ-ನೀರಿಗೂ ಬೆಂಬಲವಿದೆ. ಎಳೆಯ ಮಕ್ಕಳಿಗೆ ನಾಲ್ಕು ವಾರ ಎಣ್ಣೆ ತಿಕ್ಕಿ ನೋಡಿದ ಭಾರತೀಯ ಅಧ್ಯಯನವೊಂದರಲ್ಲಿ (2000), ಎಳ್ಳೆಣ್ಣೆ ಹಚ್ಚಿಸಿಕೊಂಡ ಮಕ್ಕಳ ನಿದ್ದೆ ಸುಧಾರಿಸಿತ್ತು.

● 6 ಮತ್ತು 12 ತಿಂಗಳ ಮಕ್ಕಳಿಗೆ ಕೈಗೊಂಬೆಯ ಆಟ ತೋರಿಸಿದ 2015ರ ಅಧ್ಯಯನವೊಂದರಲ್ಲಿ, ಅದಾದ ನಾಲ್ಕು ಗಂಟೆಯೊಳಗೆ ಅರ್ಧ ಗಂಟೆಯಾದರೂ ಮಲಗಿದವರಿಗೇ ಆಟ ನೆನಪಿತ್ತು.

● ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 3 ತಿಂಗಳವರೆಗೆ ದಿನಕ್ಕೆ 14–17 ಗಂಟೆ, 4ರಿಂದ 11 ತಿಂಗಳಲ್ಲಿ 12–16 ಗಂಟೆ ನಿದ್ದೆ ಬೇಕು. ಹಗಲು ನಿದ್ದೆಯೂ ಇದರಲ್ಲೇ ಸೇರಿದೆ.

● ಹಗಲಾಗಲಿ ರಾತ್ರಿಯಾಗಲಿ, ಮಗುವನ್ನು ಬೆನ್ನ ಮೇಲೆ, ಸಮತಟ್ಟಾದ ಗಟ್ಟಿ ಹಾಸಿಗೆಯಲ್ಲೇ ಮಲಗಿಸಿ. ಅಮೆರಿಕದಲ್ಲಿ 1994ರಲ್ಲಿ ಈ ಪ್ರಚಾರ ಶುರುವಾದ ಮೇಲೆ ನಿದ್ದೆಯಲ್ಲಿ ಶಿಶುಗಳು ಹಠಾತ್ತನೆ ಸಾಯುವ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ದಿಂಬು, ದಪ್ಪ ಹೊದಿಕೆ, ಗೊಂಬೆ ಬೇಡ. ಸೀರೆಯ ಜೋಲಿಯಲ್ಲಿ ಕತ್ತು ಬಾಗಿ ಗಲ್ಲ ಎದೆಗೊತ್ತಿದರೆ ಉಸಿರಾಟಕ್ಕೆ ತೊಂದರೆಯಾಗಬಹುದು.

● ಹೆಚ್ಚು ಹೊತ್ತು ಮಲಗಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಕೆಮ್ಮಿನ ಸಿರಪ್ಪು ಕುಡಿಸುವುದು ಅಪಾಯ. ಜಾಯಿಕಾಯಿ ಹೆಚ್ಚಾದರೆ ವಿಷವೇ.

ಹಾಲು ಚೆನ್ನಾಗಿ ಕುಡಿಯುತ್ತಾ, ತೂಕ ಏರುತ್ತಾ, ಎದ್ದಾಗ ಗೆಲುವಾಗಿರುವ ಮಗುವಿನ ತುಂಡು ನಿದ್ದೆಗೆ ಹೆದರಬೇಡಿ. ಹಾಲಿಗೂ ಏಳದೆ ಮಂಕಾಗಿದ್ದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ.