ಒಂದು ಕೋಲಿಗೆ ಒಂದೇ ಮೀನು

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ದ್ವೀಪದ ಕೋಲುಗಾಳದ ಮೀನುಗಾರಿಕೆಯಲ್ಲಿ ಬಲೆ ಬೇಕಾಗುವುದು ಎರೆಮೀನಿಗೆ ಮಾತ್ರ. ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ಬೆರಳುದ್ದದ ಮೀನುಗಳನ್ನು ಹಿಡಿದು ದೋಣಿಯ ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯ ತೂತುಗಳಿಂದ ಕಡಲ ನೀರು ಆಡುತ್ತಿರುವುದರಿಂದ ಅವು ಸಾಯುವುದಿಲ್ಲ. ಹಕ್ಕಿಗಳು ಮುಗಿಬಿದ್ದ ಕಡೆ ಟ್ಯೂನಾ ಹಿಂಡಿದೆ ಎಂದು ತಿಳಿದು, ಎರೆಮೀನು ಎರಚಿ, ನೀರು ಚಿಮುಕಿಸಿ ಹಿಂಡನ್ನು ಮೇಲಕ್ಕೆ ಕರೆಯುತ್ತಾರೆ. ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಂತವರ ಕೋಲಿನ ತುದಿಯಲ್ಲಿರುವುದು ಮರುಮುಳ್ಳಿಲ್ಲದ ಕೊಕ್ಕೆ. ಕಚ್ಚಿದ ಮೀನನ್ನು ತಲೆಯ ಮೇಲಿಂದ ಹಿಂದಕ್ಕೆ ಬೀಸಿದರೆ ಸಾಕು, ತಾನೇ ಕಳಚಿ ದೋಣಿಯೊಳಗೆ ಬೀಳುತ್ತದೆ.

ಇಷ್ಟೊಂದು ಮೈಮುರಿದು ಒಂದೊಂದೇ ಮೀನು ಹಿಡಿಯುವ ಬದಲು ದೊಡ್ಡ ಸುತ್ತುಬಲೆ ಹಡಗು ತಂದರೆ ಆದಾಯ ಹೆಚ್ಚದೇ ಎಂದು ಕೇಳುವುದುಂಟು. ಹೆಚ್ಚುತ್ತದೆ, ಆದರೆ ಹಡಗಿನ ಒಡೆಯನಿಗೆ. ಕೋಲಿನ ದೋಣಿಯಲ್ಲಿ ದುಡಿದವರಿಗೆ ಹಿಡಿದ ಮೀನಿನಲ್ಲಿ ಪಾಲಿರುತ್ತದೆ. ಒಂದು ದೋಣಿ ಹಲವು ಮನೆಗಳನ್ನು ಸಾಕುತ್ತದೆ. ಜೊತೆಗೆ, ಮೀನುಗಳನ್ನು ಸೆಳೆಯಲು ತೇಲಿಬಿಟ್ಟ ಆಕರ್ಷಕಗಳ ಸುತ್ತ ಬೀಸುವ ಸುತ್ತುಬಲೆಗೆ ಹಳದಿ ರೆಕ್ಕೆಯ ಟ್ಯೂನಾದ ಮರಿಗಳೂ ರಾಶಿಯಾಗಿ ಸಿಗುತ್ತವೆ. ಕೋಲುಗಾಳಕ್ಕೂ ಮರಿಗಳು ಸಿಗುವುದುಂಟು, ಆದರೆ ಅಲ್ಲಿ ಹಿಡಿಯುವುದು ಒಂದೊಂದಾಗಿ. ಹಾಗೆಂದು ಈ ಪದ್ಧತಿಗೂ ಒಂದು ದುರ್ಬಲ ಜಾಗವಿದೆ: ಎರೆಮೀನು. ಅದನ್ನು ಮಿತಿಮೀರಿ ಬಾಚಿದರೂ, ಹೂಳೆತ್ತುವಿಕೆಯಿಂದ ಹವಳ ಸತ್ತರೂ ದೋಣಿಗಳು ದಡದಲ್ಲೇ ಉಳಿಯುತ್ತವೆ. ಮಿನಿಕಾಯ್‌ನ ತಿಳಿನೀರನ್ನು ಕಾಯುವುದನ್ನು ಮೀನುಗಾರರ ಜೀವನೋಪಾಯದ ಲೆಕ್ಕದಲ್ಲೇ ಇಡಬೇಕು.

ಹಿಡಿಯುವ ಕ್ರಮ ಎಷ್ಟೇ ಒಳ್ಳೆಯದಾದರೂ ಬೆಲೆ ಸಿಗದಿದ್ದರೆ ಹೊಟ್ಟೆ ತುಂಬದು. ಮುಂಗಾರಿನಲ್ಲಿ ಕಡಲಿಗಿಳಿಯುವಂತಿಲ್ಲ, ಡೀಸೆಲ್ ಹೊರಗಿನಿಂದಲೇ ಬರಬೇಕು. 1969ರಲ್ಲಿ ಮಿನಿಕಾಯ್‌ಗೆ ಡಬ್ಬಿ ಕಾರ್ಖಾನೆ ಬಂದರೂ ಹೆಚ್ಚಿನ ಮೀನು ಇಂದಿಗೂ ಮಾಸ್ಮೀನಾಗುತ್ತದೆ: ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಮೀನು. ತಾಜಾ ಮೀನು ರಫ್ತು ಮಾಡಿದರೆ ಲಾಭ ಜಾಸ್ತಿ ಎಂಬ ವಾದ ಸುಳ್ಳಲ್ಲ. ಆದರೆ ಅದಕ್ಕೆ ಮಂಜುಗಡ್ಡೆ, ಶೀತಗೃಹ, ತಪ್ಪದೆ ಬರುವ ಹಡಗು ಎಲ್ಲವೂ ಬೇಕು. ಒಂದು ಕೊಂಡಿ ತಪ್ಪಿದರೂ ನಷ್ಟ ಬೀಳುವುದು ಮೀನುಗಾರನ ತಲೆಗೆ. ಮಾಸ್ಮೀನಾದರೋ ತಿಂಗಳುಗಟ್ಟಲೆ ಕೆಡದೆ ಕಾಯುತ್ತದೆ. ಹಾಗೆ ಕಾಯುವ ತ್ರಾಣ ಮಾತ್ರ ಅದನ್ನು ಮಾಡಿದವರಿಗಿಲ್ಲ. ವರ್ತಕ ಹೇಳಿದ ದರಕ್ಕೆ ಕೊಡಬೇಕಾಗುತ್ತದೆ. ಗುಣಮಟ್ಟದ ದರ್ಜೆ, ಗೋದಾಮು, ಮಾಲಿನ ಮೇಲೆ ಮುಂಗಡ ಇವಿಷ್ಟನ್ನು ಮೊದಲು ಒದಗಿಸಬೇಕು.

ಒಳ್ಳೆಯ ದರ ಸಿಗಲು ಕರ್ನಾಟಕವೂ ಕೈಜೋಡಿಸಬಹುದು. ಲಕ್ಷದ್ವೀಪದ ಉತ್ತರದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೇ ಬಂದರಿಗೆ ದ್ವೀಪಗಳೊಡನೆ ಸರಕಿನ ನಂಟೂ ಹಳೆಯದು. ಆ ಬಂದರಿನಲ್ಲಿ ಮಾಸ್ಮೀನಿಗೊಂದು ಬಹಿರಂಗ ಹರಾಜು ಕಟ್ಟೆ ತೆರೆಯುವುದು ನಮ್ಮ ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ, ದಯವಿಟ್ಟು ತೆರೆಯಲಿ.