ನೀರನ್ನು ಉಳಿಸಬಲ್ಲ ಗಿಡಗಳು

ಬಯಲುಸೀಮೆಯಲ್ಲಿ ಉತ್ಸಾಹದಿಂದ ನೆಟ್ಟ ಕೈತೋಟವು ಬೇಸಗೆಯ ರಜೆಯಲ್ಲಿ ನಾವು ಊರಿಗೆ ಹೋದೊಡನೆ ಒಣಗುವುದುಂಟು. ಆದುದರಿಂದ ಹೊಸಬರು ನೀರನ್ನು ಮಿತವಾಗಿ ಬಳಸುವ ಸಸ್ಯಗಳನ್ನೇ ಆರಿಸಿಕೊಳ್ಳುವುದು ಲೇಸು.

ಬೇರು ಹೀರಿದ ನೀರಿನ ಬಹುಭಾಗವು ಎಲೆಯ ಪತ್ರರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಲೋಳೆಸರವು ಈ ರಂಧ್ರಗಳನ್ನು ಹಗಲಿನಲ್ಲಿ ಮುಚ್ಚಿರುತ್ತದೆ. ತಂಪಾದ ರಾತ್ರಿಯಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲಿನಲ್ಲಿ ಅದರಿಂದ ಆಹಾರವನ್ನು ತಯಾರಿಸುತ್ತದೆ. ಕಣಗಿಲೆಯ ರಂಧ್ರಗಳು ಎಲೆಯ ಕೆಳಮೈಯಲ್ಲಿ, ರೋಮಗಳಿಂದ ತುಂಬಿದ ಕುಳಿಗಳೊಳಗೆ ಅಡಗಿರುವುದರಿಂದ ಒಣಗಾಳಿಯು ಅವನ್ನು ನೇರವಾಗಿ ತಾಗದು. ಆದರೆ ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿ. ಮಕ್ಕಳೂ ದನಗಳೂ ಸುಳಿಯುವೆಡೆ ಅದು ಸಲ್ಲದು.

ಮಣ್ಣಿನಿಂದಲೂ ನೀರು ಆವಿಯಾಗುತ್ತದೆ. ಬುಡದ ಸುತ್ತ, ಕಾಂಡಕ್ಕೆ ತಾಗದಂತೆ, 2-3 ಅಂಗುಲ ತರಗೆಲೆಯನ್ನು ಹರಡಿದರೆ ತೇವವು ಉಳಿಯುತ್ತದೆ, ಕಳೆಯೂ ಕುಗ್ಗುತ್ತದೆ. ಮುಂಗಾರಿನ ಆರಂಭದಲ್ಲಿ ನೆಟ್ಟ ಗಿಡದ ಬೇರು ಬೇಸಗೆಗೆ ಮುನ್ನ ಆಳಕ್ಕಿಳಿಯುತ್ತದೆ. ಸಸ್ಯದ ಸ್ವಭಾವವನ್ನು ಅರಿತಷ್ಟೂ ನಮ್ಮ ದುಡಿಮೆ ಹಗುರಾಗುವುದು.