ಕಂಪ್ಯೂಟರ್‌ಗೆ ಬ್ಯಾಕಪ್ ಕೆಲಸ ಹಚ್ಚೋದು ಹೆಂಗ?

ಬಾಗಲಕೋಟೆಯ ವಿದ್ಯಾಗಿರಿಯಾಗ, ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ, ಎಷ್ಟೋ ಮನ್ಯಾಗ ಕಂಪ್ಯೂಟರ್ ಸುಮ್ಮನ ಆನ್ ಇರ್ತಾವ. ಆ ಬಿಡುವಿನ ಶಕ್ತಿ ವಿಜ್ಞಾನಕ್ಕ ಕೊಡಬೇಕಂದ್ರ ಬೋಯಿಂಕ್ ಅನ್ನೋ ಉಚಿತ ತಂತ್ರಾಂಶ ಹಾಕ್ರಿ, ಅದರಾಗ ನಿಮಗ ಬೇಕಾದ ವಿಜ್ಞಾನ ಪ್ರಾಜೆಕ್ಟಿಗೆ ಸೇರ್ಕೊಳ್ರಿ.

ಆದ್ರ ಒಂದೇ ಪ್ರಾಜೆಕ್ಟ್ ನಂಬಿ ಕೂಡಬ್ಯಾಡ್ರಿ. ಅನ್ಯಗ್ರಹದ ಸಂಕೇತ ಹುಡುಕ್ತಿದ್ದ ಸೆಟಿ ಅಟ್ ಹೋಮ್ 1999ರಾಗ ಶುರುವಾತು. 2020ರ ಮಾರ್ಚ್ 31ಕ್ಕ ಹೊಸ ಕೆಲಸ ಕಳಸೋದು ನಿಲ್ಲಿಸ್ತು. ಪ್ರೋಟೀನ್ ಲೆಕ್ಕ ಮಾಡೋ ರೊಸೆಟ್ಟಾದಾಗ ಒಮ್ಮೆ ಕೆಲಸ ರಾಶಿ, ಒಮ್ಮೆ ಖಾಲಿ.

ಹಿಂಗ ಮಾಡ್ರಿ. ನಿಮಗ ಸೇರಿದ ಪ್ರಾಜೆಕ್ಟಿಗೆ ರಿಸೋರ್ಸ್ ಶೇರ್ (ಕಂಪ್ಯೂಟರ್ ಶಕ್ತಿಯ ಪಾಲು) 100 ಇರಲಿ. ಐನ್‌ಸ್ಟೈನ್ ಅಟ್ ಹೋಮ್‌ನ್ಯಾಗೂ ಖಾತೆ ತೆರೀರಿ. ಅದರ ಪ್ರಾಜೆಕ್ಟ್ ಪ್ರಿಫರೆನ್ಸಿನಾಗ ಶೇರ್ ಸೊನ್ನಿ ಇಡ್ರಿ. ಸೊನ್ನಿ ಇಟ್ರ ಅದು ಬ್ಯಾಕಪ್: ಮೊದಲನೇದರ ಹತ್ರ ಕೆಲಸ ಇಲ್ಲದಾಗ ಮಾತ್ರ ತರತೈತಿ, ಅದೂ ಮುಂಗಡ ರಾಶಿ ಹಾಕೋದಿಲ್ಲ. ಪಲ್ಸಾರ್, ಗುರುತ್ವ ತರಂಗ ಹುಡುಕೋ ಐನ್‌ಸ್ಟೈನ್‌ನಾಗ ಕೆಲಸ ಖಾಲಿ ಆಗೋದು ಕಡಿಮಿ. ಹಂಗಾಗಿ ನನ್ನ ವೋಟು ಇದಕ್ಕ.

ಕೆಲಸ ಮುಗಿಸಿ ಕಳಸೋ ಡೆಡ್‌ಲೈನ್ ಮಾತ್ರ ನೋಡ್ಕೊಳ್ರಿ. ದಿನಾ ಎರಡು ತಾಸು ಆನ್ ಆಗೋ ಲ್ಯಾಪ್‌ಟಾಪಿಗೆ ದಿನಗಟ್ಟಲೆ ಓಡೋ ಹವಾಮಾನ ಮಾದರಿ ಹಚ್ಚಬ್ಯಾಡ್ರಿ. ಏಪ್ರಿಲ್ ಬಿಸಿಲಿನಾಗ ಸಿಪಿಯು ಬಳಕೆ ಅರ್ಧಕ್ಕ ಇಳಸ್ರಿ. ಫ್ಯಾನ್ ಗುಂಯ್ ಅನ್ನೋದು ಕೇಳಿ ಅವ್ವ ಬೈಯೋದೂ ತಪ್ಪತೈತಿ!